ತಿದ್ದಿದ್ದು ಮೂರು ಸಾಲು, ಕೆಂಪಾಗಿದ್ದು 1,140

“ಮೂರೇ ಸಾಲು ತಿದ್ದಿದ್ದೇನೆ ಮೇಡಂ, ಒಮ್ಮೆ ನೋಡಿ ಒಪ್ಪಿಗೆ ಕೊಟ್ಟುಬಿಡಿ” ಎಂದು ನಮ್ಮ ತಂಡದ ಹೊಸ ಹುಡುಗನ ಸಂದೇಶ ಬಂದಾಗ ಶುಕ್ರವಾರ ಸಂಜೆ ಆರೂವರೆ. ಊಟದ ಡಬ್ಬಿ ಚೀಲಕ್ಕೆ ಸೇರಿ ಆಗಿತ್ತು. ಮೂರು ಸಾಲು ತಾನೆ ಎಂದು ನಿಂತುಕೊಂಡೇ ತೆರೆದೆ. ಪರದೆಯ ತುಂಬ ಕೆಂಪು. ಕೆಳಗೆ ಉರುಳಿಸಿದಷ್ಟೂ ಕೆಂಪು, ಅದು ಮುಗಿದರೆ ಅಷ್ಟೇ ಉದ್ದಕ್ಕೆ ಹಸಿರು. 1,140 ಸಾಲು ಅಳಿಸಿದೆ, 1,140 ಸಾಲು ಸೇರಿಸಿದೆ ಎಂದು ಗಿಟ್ (ಪ್ರೋಗ್ರಾಮಿನ ಫೈಲುಗಳಲ್ಲಿ ಯಾರು ಯಾವಾಗ ಏನು ತಿದ್ದಿದರು ಎಂದು ಲೆಕ್ಕ ಇಡುವ ತಂತ್ರಾಂಶ) ಗಂಭೀರವಾಗಿ ವರದಿ ಒಪ್ಪಿಸುತ್ತಿತ್ತು. ಅಳಿಸಿದ್ದಕ್ಕೂ ಸೇರಿಸಿದ್ದಕ್ಕೂ ಮೇಲ್ನೋಟಕ್ಕೆ ಒಂದು ಚುಕ್ಕಿಯ ವ್ಯತ್ಯಾಸವೂ ಕಾಣಲಿಲ್ಲ.

ಈ ಕಸುಬಿನವರಿಗೆ ಇಷ್ಟು ಓದುವಷ್ಟರಲ್ಲೇ ಹಲ್ಲು ಕಚ್ಚುವಂತಾಗಿರುತ್ತದೆ. ಉಳಿದವರು, ಅಂದರೆ ನನ್ನ ಹಪ್ಪಳ, ಸಂಡಿಗೆಯ ಬರಹಗಳಿಗಾಗಿ ಸ್ನೇಹಪಟ್ಟಿಯಲ್ಲಿ ಉಳಿದುಕೊಂಡಿರುವವರು, ಇವತ್ತೊಂದು ದಿನ ನನ್ನನ್ನು ಸಹಿಸಿಕೊಳ್ಳಬೇಕು. ಯಾರ ಹತ್ತಿರವಾದರೂ ಕಾರಿಕೊಳ್ಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ವಿಷಯ ಇಷ್ಟೇ. ಸಾಲು ಇಲ್ಲಿಗೆ ಮುಗಿಯಿತು ಎಂದು ಕಂಪ್ಯೂಟರಿಗೆ ಹೇಳಲು ಪ್ರತಿ ಸಾಲಿನ ಕೊನೆಯಲ್ಲೂ ಒಂದು ಕಾಣದ ಗುರುತು ಇರುತ್ತದೆ. ಲಿನಕ್ಸ್ ಮತ್ತು ಈಗಿನ ಮ್ಯಾಕ್ ಅಲ್ಲಿ ಒಂದೇ ಗುರುತು ಇಡುತ್ತವೆ, ಅದರ ಸಂಖ್ಯೆ 10, ಹೆಸರು ಲೈನ್ ಫೀಡ್. ವಿಂಡೋಸ್ ಎರಡು ಇಡುತ್ತದೆ. ಮೊದಲು 13, ಅಂದರೆ ಕ್ಯಾರೇಜ್ ರಿಟರ್ನ್, ಆಮೇಲೆ 10. ಹಳೆಯ ಮ್ಯಾಕ್‌ಗಳು 13 ಒಂದನ್ನೇ ಇಡುತ್ತಿದ್ದವು. 2001ರಲ್ಲಿ ಮ್ಯಾಕ್ ಒಎಸ್ ಎಕ್ಸ್ ಬಂದ ಮೇಲೆ ಅವುಗಳಿಗೆ ಬುದ್ಧಿ ಬಂದಿತು. ಉಳಿದಿಬ್ಬರದು ಮಾತ್ರ ಇಂದಿಗೂ ಎತ್ತು ಏರಿಗೆ, ಕೋಣ ನೀರಿಗೆ.

ಈ 13 ಮತ್ತು 10 ಎಲ್ಲಿಂದ ಬಂದವು ಎಂಬುದು ನನಗೆ ಪುಸ್ತಕ ಓದುವ ಮೊದಲೇ ಕೈಗೆ ಗೊತ್ತಿತ್ತು. ಪಿಯುಸಿ ರಜೆಯಲ್ಲಿ ಅಪ್ಪ ನನ್ನನ್ನು ಟೈಪಿಂಗ್ ಕಲಿಯಲು ಅಟ್ಟಿದ್ದು ಹಳಬರಿಗೆ ನೆನಪಿರಬಹುದು. ಎ, ಎಸ್, ಡಿ, ಎಫ್ ಎಂದು ಕುಟ್ಟುತ್ತ ಹೋದರೆ ಸಾಲು ಮುಗಿಯಲು ನಾಲ್ಕೈದು ಅಕ್ಷರ ಇರುವಾಗ ಟಿಣ್ ಎಂದು ಗಂಟೆ. ಎಡಗೈಯಿಂದ ಆ ಉಕ್ಕಿನ ಹಿಡಿಯನ್ನು ಬಲಕ್ಕೆ ತಳ್ಳಬೇಕು. ಕಾಗದ ಒಂದು ಸಾಲು ಮೇಲೆ ಸರಿಯುತ್ತದೆ, ಗಾಡಿ ಮೊದಲಿನ ಜಾಗಕ್ಕೆ ಬರುತ್ತದೆ. ಎರಡು ಕೆಲಸ, ಒಂದು ತಳ್ಳು. ತಂತಿಯಲ್ಲಿ ಬಂದ ಅಕ್ಷರಗಳನ್ನು ತಾನೇ ಕಾಗದದ ಮೇಲೆ ಹೊಡೆಯುತ್ತಿದ್ದ, 1963ರ ಟೆಲಿಟೈಪ್ 33 ಎಂಬ ಯಂತ್ರಕ್ಕೆ ಎಡಗೈ ಇರಲಿಲ್ಲವಾದ್ದರಿಂದ ಎರಡು ಕೆಲಸಕ್ಕೆ ಎರಡು ಪ್ರತ್ಯೇಕ ಅಪ್ಪಣೆ ಕೊಡಬೇಕಿತ್ತು. ಸೆಕೆಂಡಿಗೆ ಹತ್ತು ಅಕ್ಷರ ಹೊಡೆಯುವ ಆ ಯಂತ್ರದ ಗಾಡಿ ಬಲತುದಿಯಿಂದ ಎಡತುದಿಗೆ ಬರುವಷ್ಟರಲ್ಲಿ ಒಂದು ಅಕ್ಷರದ ಹೊತ್ತು ಮೀರಿಬಿಡುತ್ತಿತ್ತು. ಅದಕ್ಕೇ ಮೊದಲು ‘ಗಾಡಿ ವಾಪಸ್’ ಎನ್ನುವುದು, ಅದು ಓಡಿ ಬರುತ್ತಿರುವಾಗ ‘ಕಾಗದ ಮೇಲೆ’ ಎನ್ನುವುದು. ಲಿನಕ್ಸಿಗೆ ಮಾದರಿಯಾದ ಯುನಿಕ್ಸ್‌ನವರು ಇಷ್ಟೆಲ್ಲ ಏಕೆ, ಒಂದು ಸಾಕು ಎಂದರು. ಸಿಪಿ/ಎಂ ಎಂಬ ಹಳೆಯ ಆಪರೇಟಿಂಗ್ ಸಿಸ್ಟಂ ಎರಡನ್ನೂ ಉಳಿಸಿಕೊಂಡಿತು, ಅದನ್ನು ನೋಡಿ ಡಾಸ್, ಡಾಸ್‌ನ ಹೊಟ್ಟೆಯಿಂದ ವಿಂಡೋಸ್. ಹೀಗೆ ಅರವತ್ತು ವರ್ಷಗಳ ಹಿಂದೆ ಒಂದು ಕಬ್ಬಿಣದ ಗಾಡಿ ತಡವಾಗಿ ಬರುತ್ತಿದ್ದುದರಿಂದ ನನಗೆ ಶುಕ್ರವಾರ ಸಂಜೆಯ ಬಸ್ ತಪ್ಪಿತು.

ಹುಡುಗನನ್ನು ಬೈಯಬೇಕೆಂದು ಬಾಯಿ ತೆರೆದವಳು ಮುಚ್ಚಿಕೊಂಡೆ. ಕೇಳಿದರೆ ಕಥೆ ಹೀಗಿದೆ. ವಿಂಡೋಸ್‌ನಲ್ಲಿ ಗಿಟ್ ಅಳವಡಿಸುವಾಗ ಸಾಲಿನ ಕೊನೆಗೆ ಏನು ಮಾಡಲಿ ಎಂದು ಅದು ಒಂದು ಪ್ರಶ್ನೆ ಕೇಳುತ್ತದೆ. ಜೀವಮಾನದಲ್ಲಿ ಒಮ್ಮೆ ಕೇಳುವ ಪ್ರಶ್ನೆ. ಎಲ್ಲರಂತೆ ಇವನೂ ಓದದೆ ‘ಮುಂದೆ’ ಒತ್ತಿದ್ದಾನೆ. ಆಗ ಆಟೊಸಿಆರ್‌ಎಲ್‌ಎಫ್ ಎಂಬ ಸೆಟ್ಟಿಂಗ್ ‘ಟ್ರೂ’ ಆಗುತ್ತದೆ. ಅಂದರೆ ಫೈಲ್ ಲ್ಯಾಪ್‌ಟಾಪಿಗೆ ಇಳಿಯುವಾಗ 10 ಇದ್ದಲ್ಲಿ 13 ಮತ್ತು 10, ವಾಪಸ್ ರೆಪೊಗೆ, ಅಂದರೆ ತಂಡದ ಫೈಲುಗಳೆಲ್ಲ ಇರುವ ಗಿಟ್ ಉಗ್ರಾಣಕ್ಕೆ, ಹೋಗುವಾಗ ಮತ್ತೆ ಬರೀ 10. ಇಷ್ಟಕ್ಕೇ ಬಿಟ್ಟಿದ್ದರೆ ಶುಕ್ರವಾರ ನಾನು ಮನೆ ಸೇರುತ್ತಿದ್ದೆ. ಆದರೆ ಆಗಾಗ ಗಿಟ್, ಸಾಲಿನ ಕೊನೆ ಬದಲಾಯಿಸುತ್ತೇನೆ ಎಂದು ಎಚ್ಚರಿಕೆ ಕೊಡುತ್ತಿರುತ್ತದೆ. ಅದರ ಕಾಟ ತಾಳಲಾರದೆ ಯಾವುದೋ ವಿಡಿಯೊ ನೋಡಿ ಸೆಟ್ಟಿಂಗನ್ನು ‘ಫಾಲ್ಸ್’ ಮಾಡಿಕೊಂಡಿದ್ದಾನೆ. ಲ್ಯಾಪ್‌ಟಾಪಿನಲ್ಲಿ ಮೊದಲೇ ಇಳಿದಿದ್ದ ಫೈಲುಗಳಲ್ಲಿ 13 ಹಾಗೇ ಕುಳಿತಿತ್ತು. ತೆಗೆಯುವವರು ಈಗ ಇಲ್ಲ. ಮೂರು ಸಾಲು ತಿದ್ದಿ ಕಳುಹಿಸಿದ, ಸಾವಿರದ ನೂರ ನಲವತ್ತು 13ಗಳು ದಿಬ್ಬಣದ ಹಾಗೆ ರೆಪೊ ಒಳಗೆ ಬಂದವು.

ನನ್ನ ಸಿಟ್ಟು ಹುಡುಗನ ಮೇಲಲ್ಲ. ಹತ್ತು ಜನ ಸೇರಿ ಬರೆಯುವ ಒಂದು ಪುಸ್ತಕದಲ್ಲಿ ಸಾಲು ಎಲ್ಲಿ ಮುಗಿಯುತ್ತದೆ ಎಂಬುದನ್ನು ಹತ್ತೂ ಜನರ ಖಾಸಗಿ ಅಭಿರುಚಿಗೆ ಬಿಟ್ಟವರ ಮೇಲೆ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎನ್ನುತ್ತಾರೆ, ಇಲ್ಲಿ ಊರಿಗೆ ದಾರಿಯೇ ಇಲ್ಲ. ನಮ್ಮ ರೆಪೊದಲ್ಲಿ ಪರವಾನಗಿ ಫೈಲ್ ಇದೆ, ಓದಿ ಎನ್ನುವ ಫೈಲ್ ಇದೆ (ಯಾರೂ ಓದಿಲ್ಲ), 2017ರಿಂದ ಯಾರೂ ಮುಟ್ಟದ ‘ಹೊಸದು’ ಎಂಬ ಫೋಲ್ಡರ್ ಇದೆ. ಯಾವ ಫೈಲನ್ನು ಹೇಗೆ ನೋಡಿಕೊಳ್ಳಬೇಕೆಂದು ಗಿಟ್‌ಗೆ ಹೇಳುವ ಡಾಟ್ ಗಿಟ್‌ಆಟ್ರಿಬ್ಯೂಟ್ಸ್ ಎಂಬ ಫೈಲ್ ಮಾತ್ರ ಇಲ್ಲ. ಅದರೊಳಗೆ ಬೇಕಾಗಿದ್ದುದು ಒಂದು ಸಾಲು: ನಕ್ಷತ್ರ ಚಿಹ್ನೆ, ಜಾಗ ಬಿಟ್ಟು ಟೆಕ್ಸ್ಟ್, ಸಮ ಚಿಹ್ನೆ, ಆಟೊ. (ಇದನ್ನು ಕನ್ನಡದಲ್ಲೇ ಅಂಟಿಸಿ ಕೆಲಸ ಮಾಡಲಿಲ್ಲ ಎಂದು ಮೆಸೆಂಜರಿನಲ್ಲಿ ಬರಬೇಡಿ.) ಯಾರ ಯಂತ್ರದಲ್ಲಿ ಯಾವ ಸೆಟ್ಟಿಂಗ್ ಇದ್ದರೂ ರೆಪೊ ಒಳಗೆ ಪಠ್ಯ ಹೋಗುವಾಗ 10 ಮಾತ್ರ ಹೋಗಲಿ ಎಂದು ಇದರ ಅರ್ಥ. ಫೈಲ್ ರೆಪೊ ಜೊತೆಗೇ ಎಲ್ಲರ ಮನೆಗೂ ಹೋಗುತ್ತದೆ, ಯಾರನ್ನೂ ಏನೂ ಕೇಳುವುದಿಲ್ಲ. ಈ ಸೌಲಭ್ಯ 2010ರಿಂದ ಇದೆ. ಆ ವರ್ಷ ಹುಟ್ಟಿದ ನನ್ನ ಅಣ್ಣನ ಮಗನಿಗೆ ಈಗ ಮೀಸೆ ಬರುತ್ತಿದೆ.

‘ಟ್ರೂ’ ಆಗಿಯೇ ಇಟ್ಟುಕೊಂಡಿದ್ದರೆ ಸಾಕಿತ್ತಲ್ಲ ಎನ್ನುವವರಿಗೆ ಮಾರ್ಚ್ ತಿಂಗಳ ಒಂದು ರಾತ್ರಿ ತೋರಿಸುತ್ತೇನೆ. ಇನ್ನೊಬ್ಬ ಸಹೋದ್ಯೋಗಿಯ ಲ್ಯಾಪ್‌ಟಾಪಿನಲ್ಲಿ ‘ಟ್ರೂ’ ಇತ್ತು. ಅಲ್ಲಿಂದಲೇ ಒಂದು ಸಣ್ಣ ಸ್ಕ್ರಿಪ್ಟನ್ನು (ಸಾಲು ಸಾಲಾಗಿ ಆಜ್ಞೆಗಳನ್ನು ಬರೆದ ಫೈಲ್) ಲಿನಕ್ಸ್ ಸರ್ವರಿಗೆ ಎತ್ತಿಹಾಕಿದರು. ಓಡಿಸಿದರೆ ‘ಅಂಥ ಫೈಲ್ ಇಲ್ಲ’ ಎಂದಿತು. ಪಟ್ಟಿ ತೆಗೆದು ನೋಡಿದರೆ ಫೈಲ್ ಇದೆ. ಓಡಿಸಿದರೆ ಇಲ್ಲ. ಅನುಮತಿ ನೋಡಿದೆವು, ಹೆಸರಿನ ಕಾಗುಣಿತ ನೋಡಿದೆವು, ದೇವರ ಫೋಟೊ ನೋಡಿದೆವು. ಕೊನೆಗೆ ಕಾಣದ ಅಕ್ಷರಗಳನ್ನೂ ತೋರಿಸುವ ಹಾಗೆ ಫೈಲನ್ನು ತೆರೆದಾಗ ಪ್ರತಿ ಸಾಲಿನ ಬಾಲದಲ್ಲೂ ಟೋಪಿ ಹಾಕಿಕೊಂಡ ಎಂ ಅಕ್ಷರ. ಅದೇ ನಮ್ಮ 13. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ‘ನನ್ನನ್ನು ಬ್ಯಾಶ್‌ನಿಂದ ಓಡಿಸು’ ಎಂದು ಬರೆದಿತ್ತು. ಬ್ಯಾಶ್ ಎಂದರೆ ಇಂಥ ಆಜ್ಞೆಗಳನ್ನು ಓದಿ ಓಡಿಸುವ ಪ್ರೋಗ್ರಾಮ್. ಲಿನಕ್ಸ್ ಓದಿಕೊಂಡದ್ದು ‘ಬ್ಯಾಶ್ ಮತ್ತೊಂದು 13’ ಎಂದು. ಆ ಹೆಸರಿನವರು ಆ ಯಂತ್ರದಲ್ಲಿ ಯಾರೂ ಇರಲಿಲ್ಲ. ಇಲ್ಲ ಎಂದದ್ದು ನಮ್ಮ ಸ್ಕ್ರಿಪ್ಟನ್ನಲ್ಲ, ಅದನ್ನು ಓಡಿಸಬೇಕಾದವನನ್ನು. ‘ಫಾಲ್ಸ್’ ಇಟ್ಟರೂ ಬೆಂಕಿ, ‘ಟ್ರೂ’ ಇಟ್ಟರೂ ಬೆಂಕಿ. ಸ್ಕ್ರಿಪ್ಟುಗಳಿಗೆ ಎಲ್ಲೆಡೆಯೂ 10, ವಿಂಡೋಸಿನ ಬ್ಯಾಚ್ ಫೈಲುಗಳಿಗೆ ಎಲ್ಲೆಡೆಯೂ 13 ಮತ್ತು 10 ಎಂದು ಆ ಗಿಟ್‌ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಇನ್ನೆರಡು ಸಾಲು ಬರೆದಿದ್ದರೆ ಆ ರಾತ್ರಿ ನಾಲ್ಕು ಜನ ಮಲಗುತ್ತಿದ್ದರು.

ಕಾಣದ ಅಕ್ಷರ ಎಂದರೆ ಏನೋ ಮಾಟ ಮಂತ್ರ ಎಂದುಕೊಳ್ಳಬೇಡಿ. ಕನ್ನಡದಲ್ಲಿ ‘ಫೇಸ್‌ಬುಕ್’ ಎಂದು ಬರೆದಾಗಲೆಲ್ಲ ‘ಸ್’ ಮತ್ತು ‘ಬು’ ನಡುವೆ ಅಂಥದ್ದೊಂದು ಕುಳಿತಿರುತ್ತದೆ. ಅದನ್ನು ಕಿತ್ತುಹಾಕಿದರೆ ‘ಫೇಸ್ಬುಕ್’ ಆಗಿ ಬ ಒತ್ತು ಕೆಳಗೆ ಇಳಿಯುತ್ತದೆ, ಒಂದನ್ನು ಹುಡುಕಿದರೆ ಇನ್ನೊಂದು ಸಿಗದೆ ಹೋಗಬಹುದು. ಯೂನಿಕೋಡ್ ಕನ್ನಡದ ಜೊತೆ ಏಗಿದವರಿಗೆ ನನ್ನ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಬುದ್ಧಿವಂತರು ಬರುತ್ತಾರೆ. ಒಬ್ಬರು ನಿನ್ನೆಯೇ ಬಂದರು. “ಇದೆಲ್ಲ ಹಳೆಯ ಕಾಲದ ಗೋಳು, ಈಗ ಎಲ್ಲ ಎಡಿಟರುಗಳೂ ಎರಡನ್ನೂ ಓದುತ್ತವೆ. ನೋಟ್‌ಪ್ಯಾಡ್ ಕೂಡ ಕಲಿತಿದೆ.” ಹೌದು, 1985ರಲ್ಲಿ ಹುಟ್ಟಿದ ನೋಟ್‌ಪ್ಯಾಡ್ ಬರೀ 10 ಇರುವ ಸಾಲನ್ನು ಸರಿಯಾಗಿ ಮುರಿಯಲು 2018ರಲ್ಲಿ ಕಲಿಯಿತು. ಮೂವತ್ತಮೂರು ವರ್ಷ. ಅಭಿನಂದನೆಗಳು. ಎಡಿಟರ್ ಎರಡನ್ನೂ ಓದುವುದರಿಂದಲೇ ಬರೆಯುವವನಿಗೆ ತಾನು ಏನು ಬರೆಯುತ್ತಿದ್ದೇನೆ ಎಂಬುದು ಗೊತ್ತಾಗುವುದಿಲ್ಲ. ಅವರು ಅಷ್ಟಕ್ಕೇ ಬಿಡಲಿಲ್ಲ. “ರಿವ್ಯೂ ಪುಟದಲ್ಲಿ ಖಾಲಿ ಜಾಗದ ವ್ಯತ್ಯಾಸ ಮರೆಮಾಡುವ ಬಟನ್ ಇದೆ, ಅದನ್ನು ಒತ್ತಿ, ಮೂರು ಸಾಲು ಮಾತ್ರ ಕಾಣುತ್ತದೆ. ಇಷ್ಟಕ್ಕೆ ಏಕೆ ರಂಪ?”

ಆ ಬಟನ್. ಇಲ್ಲಿಯವರೆಗೆ ಸುತ್ತಿ ಬಳಸಿ ಬಂದದ್ದೇ ಅದನ್ನು ಹೇಳಲಾಗದೆ.

ಶುಕ್ರವಾರ ಆರೂವರೆಗೆ, ಹೆಗಲಿಗೆ ಚೀಲ ಹಾಕಿಕೊಂಡು ನಿಂತಿದ್ದ ನಾನು ಒತ್ತಿದ್ದು ಅದನ್ನೇ. ಅದರ ಲೆಕ್ಕದಲ್ಲಿ 13 ಕೂಡ ಖಾಲಿ ಜಾಗವೇ, ಹಾಗಾಗಿ ಕೆಂಪು ಹಸಿರಿನ ಸಮುದ್ರ ಮಾಯವಾಗಿ ಮೂರು ಸಾಲು ಉಳಿಯಿತು. ಮೂರೂ ಸರಿಯಾಗಿದ್ದವು. ಒಪ್ಪಿಗೆ ಕೊಟ್ಟೆ. ಹುಡುಗನಿಗೆ ಸಾಲಿನ ಕೊನೆಯ ಬಗ್ಗೆ ಹತ್ತು ನಿಮಿಷ ಉಪದೇಶವನ್ನೂ ಕೊಟ್ಟೆ, ಬಸ್ ತಪ್ಪಿದ್ದು ಅದರಿಂದ. ಶನಿವಾರ ರಾತ್ರಿ ಒಂಬತ್ತೂವರೆಗೆ ನಮ್ಮ ತಂತ್ರಾಂಶ ಬಳಸುವ ದಾವಣಗೆರೆಯ ಬಟ್ಟೆ ಅಂಗಡಿಯವರ ಫೋನ್: “ಏನು ಮೇಡಂ, ಇಡೀ ದಿನದ ವ್ಯಾಪಾರ 340 ರೂಪಾಯಿ ಎಂದು ತೋರಿಸುತ್ತಿದೆ? ನಮ್ಮ ಹುಡುಗರು ಕುಡಿದ ಚಹಾವೇ ಅದಕ್ಕಿಂತ ಹೆಚ್ಚು.” 340 ರೂಪಾಯಿ ಅವರು ಕೊನೆಯದಾಗಿ ಮಾರಿದ ಎರಡು ಟವೆಲ್‌ಗಳ ಬಿಲ್ಲು.

ಈ ವರದಿ ತಯಾರಿಸುವ ನಮ್ಮ ಫೈಲ್, ಹುಡುಗ ತಿದ್ದಿದ ಅದೇ ಫೈಲ್, ಇರುವುದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಪೈಥಾನ್‌ನಲ್ಲಿ ಸಾಲಿನ ಮುಂದಿನ ಖಾಲಿ ಜಾಗ ಅಲಂಕಾರವಲ್ಲ, ಅದೇ ವ್ಯಾಕರಣ. ಪ್ರತಿ ಬಿಲ್ಲನ್ನೂ ಮೊತ್ತಕ್ಕೆ ಕೂಡಿಸುವ ಸಾಲು ಹುಡುಗನ ಕೈಜಾರಿ ನಾಲ್ಕು ಅಕ್ಷರದಷ್ಟು ಎಡಕ್ಕೆ ಸರಿದು ಲೂಪಿನಿಂದ, ಅಂದರೆ ಬಿಲ್ಲಿಗೊಮ್ಮೆ ಮರಳಿ ಮರಳಿ ನಡೆಯುವ ಭಾಗದಿಂದ, ಹೊರಗೆ ಬಿದ್ದಿತ್ತು. ಎಲ್ಲ ಬಿಲ್ಲೂ ಓದಿ ಮುಗಿದ ಮೇಲೆ ಕೊನೆಯದೊಂದನ್ನು ಮಾತ್ರ ಕೂಡಿಸುತ್ತಿತ್ತು. ಬದಲಾಗಿದ್ದುದು ಬರೀ ಖಾಲಿ ಜಾಗ. ಖಾಲಿ ಜಾಗದ ವ್ಯತ್ಯಾಸ ತೋರಿಸಬೇಡ ಎಂದು ನಾನೇ ಹೇಳಿದ್ದೆ, ಅದು ತೋರಿಸಲಿಲ್ಲ. ಹದಿನಾರು ವರ್ಷದ ಅನುಭವ ನನ್ನದು. ಅವನು ಸೇರಿ ಐದು ತಿಂಗಳು.

ಭಾನುವಾರ ತಿಂಡಿಗೆ ಮೊದಲು ಸಾಲನ್ನು ಅದರ ಜಾಗಕ್ಕೆ ತಳ್ಳಿದೆ. ಇದು ಯಾವಾಗ ಜರುಗಿತು ಎಂದು ನೋಡೋಣವೆಂದು, ಯಾವ ಸಾಲನ್ನು ಕೊನೆಗೆ ತಿದ್ದಿದವರು ಯಾರು ಎಂದು ತೋರಿಸುವ ಗಿಟ್‌ನ ಬ್ಲೇಮ್ ತೆರೆದರೆ ಅದೊಂದು ಬೇರೆ ತಮಾಷೆ. 1,140 ಸಾಲಿಗೂ ಹುಡುಗನ ಹೆಸರು. 2017ರಲ್ಲಿ ತೆರಿಗೆಯ ಲೆಕ್ಕ ಬರೆದು, ಅದರ ಪಕ್ಕದಲ್ಲಿ ‘ಇದನ್ನು ಮುಟ್ಟಬೇಡಿ, ಕಾರಣ ಕೇಳಬೇಡಿ’ ಎಂದು ಟಿಪ್ಪಣಿ ಇಟ್ಟು, ಮದುವೆಯಾಗಿ ಕೆನಡಾಕ್ಕೆ ಹೋದ ಗೆಳತಿಯ ಸಾಲುಗಳಿಗೂ ಅವನದೇ ಹೆಸರು. ಅವಳು ಆ ಸಾಲು ಬರೆದಾಗ ಅವನು ಹೈಸ್ಕೂಲಿನಲ್ಲಿದ್ದ.

ಹೀಗಾಗಿ ನಿನ್ನೆ ಸೋಮವಾರ ನಾನೇ ಆ ಗಿಟ್‌ಆಟ್ರಿಬ್ಯೂಟ್ಸ್ ಫೈಲನ್ನು ಬರೆದೆ. ‘ಆಟೊ’ ಎಂಬ ಪದವನ್ನು ಮೂರು ಸಲ ಓದಿ ನೋಡಿಕೊಂಡೆ. ಹಿಂದಿನ ಕಂಪನಿಯಲ್ಲಿ ಒಮ್ಮೆ ಅದನ್ನು ಬಿಟ್ಟು ಬರೀ ‘ಟೆಕ್ಸ್ಟ್’ ಎಂದು ಬರೆದು, ಚಿತ್ರಗಳನ್ನೂ ಪಠ್ಯವೆಂದು ನಂಬಿಸಿ, ಗ್ರಾಹಕರ ಲಾಂಛನಗಳನ್ನೆಲ್ಲ ಕೆಡಿಸಿದ ಪುಣ್ಯ ನನ್ನ ಖಾತೆಯಲ್ಲಿದೆ. ಪಿಎನ್‌ಜಿ ಚಿತ್ರದ ಮೊದಲ ಎಂಟು ಬೈಟುಗಳಲ್ಲಿ ಒಂದು 13, 10 ಜೋಡಿಯನ್ನೂ ಕೊನೆಗೆ ಒಂಟಿ 10ನ್ನೂ ಬೇಕೆಂದೇ ಇಟ್ಟಿದ್ದಾರೆ, ಯಾರಾದರೂ ಸಾಲಿನ ಕೊನೆ ತಿದ್ದಲು ಹೋದರೆ ಅಲ್ಲೇ ಸಿಕ್ಕಿಬೀಳಲಿ ಎಂದು. ಇಲಿ ಬೋನು ಇಟ್ಟ ಹಾಗೆ. ಬಿದ್ದದ್ದು ನಾನು.

ಆಮೇಲೆ, ಹಳೆಯ ಫೈಲುಗಳಿಗೂ ಈ ಹೊಸ ನಿಯಮ ಅನ್ವಯಿಸುವ ರೀನಾರ್ಮಲೈಸ್ ಆಜ್ಞೆ ಕೊಟ್ಟೆ. 47 ಫೈಲುಗಳಿಂದ 13ಗಳು ಉದುರಿದವು. ಅಂದರೆ ಹುಡುಗ ಮೊದಲಿಗನೇನಲ್ಲ, ಸಿಕ್ಕಿಬಿದ್ದವನು ಮಾತ್ರ. ಈ ಕಮಿಟ್‌ನಲ್ಲಿ (ಗಿಟ್‌ನಲ್ಲಿ ಒಟ್ಟಿಗೆ ದಾಖಲಿಸುವ ಒಂದು ಕಂತು ತಿದ್ದುಪಡಿ) ಬೇರೆ ಒಂದಕ್ಷರವನ್ನೂ ತಿದ್ದಲಿಲ್ಲ. ಆದರೆ ಈಗ ಬ್ಲೇಮ್‌ನಲ್ಲಿ 47 ಫೈಲಿಗೂ ನನ್ನ ಹೆಸರು. ಅದಕ್ಕೂ ಮದ್ದಿದೆ. ಲೆಕ್ಕಕ್ಕೆ ಹಿಡಿಯಬಾರದ ಕಮಿಟ್‌ಗಳ ಪಟ್ಟಿಯನ್ನು ಒಂದು ಫೈಲಿನಲ್ಲಿ ಬರೆದಿಟ್ಟರೆ ಬ್ಲೇಮ್ ಅವುಗಳನ್ನು ದಾಟಿ ಹಿಂದಿನವರ ಹೆಸರು ತೋರಿಸುತ್ತದೆ. 2019ರಿಂದ ಗಿಟ್‌ನಲ್ಲಿ ಇದೆ. ಅವನ ಕಮಿಟ್, ನನ್ನ ಕಮಿಟ್ ಎರಡನ್ನೂ ಅದರಲ್ಲಿ ಬರೆದು ಪುಶ್ ಮಾಡಿ, ಇನ್ನು ಮುಗಿಯಿತು ಎಂದು ಎರಡನೆಯ ಕಾಫಿಗೆ ಎದ್ದೆ.

ಹುಡುಗ ಕುರ್ಚಿ ತಿರುಗಿಸಿದ. “ಮೇಡಂ, ನನ್ನ ಲ್ಯಾಪ್‌ಟಾಪಿನಲ್ಲಿ ಈಗಲೂ ನಿಮ್ಮ ಹೆಸರೇ ಬರುತ್ತಿದೆ.”

ಬರದೆ ಏನು. ಆ ಪಟ್ಟಿಯ ಫೈಲ್ ರೆಪೊದಲ್ಲಿದ್ದರೆ ಸಾಲದು, ಅದನ್ನು ನೋಡು ಎಂದು ಗಿಟ್‌ಗೆ ಪ್ರತಿಯೊಬ್ಬರೂ ತಮ್ಮ ತಮ್ಮ ಯಂತ್ರದಲ್ಲಿ ಒಂದು ಸೆಟ್ಟಿಂಗ್ ಮಾಡಿ ಹೇಳಬೇಕು. ಪ್ರತಿಯೊಬ್ಬರೂ. ತಮ್ಮ ತಮ್ಮ ಯಂತ್ರದಲ್ಲಿ.

ತಂಡದ ಗುಂಪಿನಲ್ಲಿ ಆ ಒಂದು ಸಾಲಿನ ಆಜ್ಞೆ ಹಾಕಿ, ದಯವಿಟ್ಟು ಇಂದೇ ಓಡಿಸಿ ಎಂದು ಬರೆದೆ. ಎಂಟು ಜನ ಹೆಬ್ಬೆರಳು ಎತ್ತಿದರು. ಇಂದು ಸಂಜೆ ಒಬ್ಬೊಬ್ಬರ ಮೇಜಿನ ಬಳಿ ಹೋಗಿ ನೋಡಿದೆ. ಓಡಿಸಿದ್ದವನು ಆ ಹುಡುಗ ಒಬ್ಬನೇ.