ಅಮೆರಿಕದ ಪಿಂಚಣಿಗೆ ಶೇ 85 ತೆರಿಗೆಯಾ? ಸತ್ಯಾಂಶ

‘ಅಮೆರಿಕದಲ್ಲಿ ವಯಸ್ಸಾದವರ ಸೋಷಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ) ಹಣದ ಶೇ 85ರಷ್ಟನ್ನು ಸರ್ಕಾರವೇ ತೆರಿಗೆ ಅಂತ ನುಂಗುತ್ತದೆ, ಅದೆಲ್ಲ ಯುದ್ಧಕ್ಕೆ ಹೋಗುತ್ತದೆ’ ಎನ್ನುವ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. 85 ಎಂಬ ಅಂಕಿಯೇನೋ ಕಾನೂನಿನಲ್ಲಿದೆ. ಆದರೆ ಅದು ತೆರಿಗೆ ದರವಲ್ಲ.

ಸಿಗುವ ಹಣದಲ್ಲಿ ಹೆಚ್ಚೆಂದರೆ ಅಷ್ಟು ಪಾಲನ್ನು ಆದಾಯದ ಲೆಕ್ಕಕ್ಕೆ ಸೇರಿಸುತ್ತಾರೆ, ಅಷ್ಟೇ. ಒಬ್ಬರಿಗೆ ವರ್ಷಕ್ಕೆ 20,000 ಡಾಲರ್ ಬರುತ್ತದೆ ಅಂದುಕೊಳ್ಳಿ. ಲೆಕ್ಕಕ್ಕೆ ಬರುವುದು ಜಾಸ್ತಿ ಅಂದರೆ 17,000. ಅವರದು ಶೇ 12ರ ದರವಾದರೆ ಅದರ ಮೇಲಿನ ತೆರಿಗೆ 2,040 ಡಾಲರ್. 17,000 ಎಲ್ಲಿ, 2,040 ಎಲ್ಲಿ! ಬೇರೆ ಆದಾಯವೇ ಇಲ್ಲದವರು ಸಾಮಾನ್ಯವಾಗಿ ಏನೂ ಕಟ್ಟಬೇಕಿಲ್ಲ.

ಯುದ್ಧದ ಮಾತೂ ಸುಮ್ನೆ ಸೇರಿಸಿದ್ದು. ಈ ತೆರಿಗೆ ಸೋಷಿಯಲ್ ಸೆಕ್ಯುರಿಟಿ ನಿಧಿಗೇ ವಾಪಸ್ ಹೋಗಬೇಕು ಎಂದು ಕಾನೂನೇ ಹೇಳುತ್ತದೆ. 1993ರಲ್ಲಿ ಹೆಚ್ಚಿಸಿದ ಭಾಗ ಮಾತ್ರ ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಆಸ್ಪತ್ರೆ ವಿಮೆಗೆ. 2023ರಲ್ಲಿ ಪಿಂಚಣಿ ನಿಧಿಗೆ ಹೀಗೆ ಬಂದದ್ದು ಸುಮಾರು 5,000 ಕೋಟಿ ಡಾಲರ್.

ಬೈಯಲೇಬೇಕು ಅಂದರೆ ಬೇರೆ ಕಾರಣವಿದೆ. ಬೇರೆ ಆದಾಯಕ್ಕೆ ಪಿಂಚಣಿಯ ಅರ್ಧ ಸೇರಿಸಿದ ಮೊತ್ತ ಒಂದು ಮಿತಿ ದಾಟಿದರೆ ಪಿಂಚಣಿಯೂ ತೆರಿಗೆ ಲೆಕ್ಕಕ್ಕೆ ಬರುತ್ತದೆ. ಆ ಮಿತಿ ಒಂಟಿ ವ್ಯಕ್ತಿಗೆ 25,000, ದಂಪತಿಗೆ 32,000 ಡಾಲರ್. 1984ರಿಂದ ಇದು ಅಲ್ಲೇ ನಿಂತಿದೆ. ಬೆಲೆಗಳು ಏರಿದಂತೆ ಪಿಂಚಣಿಯೂ ಏರುತ್ತದೆ, ಮಿತಿ ಮಾತ್ರ ಏರುವುದಿಲ್ಲ. ಹಾಗಾಗಿ ಹೊಸ ಕಾನೂನೇ ಇಲ್ಲದೆ ಸಾಧಾರಣ ಕುಟುಂಬಗಳೂ ತೆರಿಗೆಗೆ ಸಿಕ್ಕಿಬೀಳುತ್ತಿವೆ.