ಸಾ ಕಲೋಬ್ರಾ ಹೊಸಬರಿಗಲ್ಲ

ಸ್ಪೇನ್‌ನ ಮಯೋರ್ಕಾ ದ್ವೀಪದಲ್ಲಿ ಗುಂಪಿನ ಜೊತೆ ಸೈಕಲ್‌ನಲ್ಲಿ ಹೋದರೆ ಸಾ ಕಲೋಬ್ರಾ ಅನ್ನುವ ಬೆಟ್ಟದ ರಸ್ತೆ ಹೊಸಬರಿಗೂ ಕಷ್ಟವಲ್ಲ ಅಂತ ಬರೆದಿದ್ದೀರಿ. ಅಲ್ಲಿ ಲೆಕ್ಕವೇ ಉಲ್ಟಾ ಅಲ್ವಾ? ಮೊದಲು ಸಮುದ್ರದವರೆಗೆ ಜುಮ್ಮಂತ ಇಳಿಯುತ್ತೀರಿ. ಆಮೇಲೆ ಅದೇ ದಾರಿಯಲ್ಲಿ ಸುಮಾರು 9.5 ಕಿಲೋಮೀಟರ್ ಹತ್ತಬೇಕು, ಸರಾಸರಿ 7% ಏರು. ವಾಪಸ್ ಬರಲು ಬೇರೆ ರಸ್ತೆ ಇಲ್ಲ. ನಮ್ಮ ಎಂಟು ಜನರ ಗುಂಪು ಮೊದಲ ಕೆಲವು ತಿರುವಿನಲ್ಲೇ ಚದುರಿತು. ಏರಿನಲ್ಲಿ ಗುಂಪು ಅನ್ನುವುದೆಲ್ಲ ಸುಮ್ನೆ, ಅವರವರ ಕಾಲು ಅವರವರಿಗೆ. ರಸ್ತೆ ಟೈ ಗಂಟಿನ ಹಾಗೆ ತನ್ನ ಮೇಲೇ ಸುತ್ತಿಕೊಳ್ಳುತ್ತದಲ್ಲ, ಆ ಸೇತುವೆಯ ನೆರಳಲ್ಲಿ ನಿಂತು ಕರಗಿದ ಚಾಕೊಲೇಟನ್ನು ಕವರಿನಿಂದ ನೆಕ್ಕುತ್ತಿದ್ದೆ. ಮೇಲೆ ಕಾಯುತ್ತಿದ್ದವರಿಗೆ ಬೆವರು ಆರಿ, ಜಾಕೆಟ್ ಹಾಕಿಕೊಂಡಾಗಿತ್ತು! ಹೊಸಬರು ಮೊದಲು ಅದೇ ದ್ವೀಪದ ಬಯಲಿನ ಕಡೆ, ಪೆಟ್ರಾ ಅನ್ನುವ ಊರಿಗೆ ಹೋಗಲಿ. ಊರ ಚೌಕದಲ್ಲಿ ಕಾಫಿ ಕುಡಿದು, ಎಲ್ಲರೂ ಒಟ್ಟಿಗೇ ವಾಪಸ್ ಬರಬಹುದು.