‘ಮಂಡೆಬೆಚ್ಚ’ ಅಂದುಬಿಟ್ಟರೆ ಆಯ್ತಾ?

ನಮ್ಮ ಕಾಸರಗೋಡು ಕಡೆ ಒಂದು ಮಾತಿದೆ, ಮಂಡೆಬೆಚ್ಚ. ತಲೆಬಿಸಿ ಅಂತ ಅರ್ಥ. ತುಳುವಿನದ್ದು, ಆದರೆ ಕನ್ನಡ ಮಾತಾಡುವಾಗಲೂ ನಮ್ಮ ಬಾಯಿಗೆ ಅದೇ ಬರುತ್ತದೆ. ಅಡಿಕೆಗೆ ಕೊಳೆರೋಗ ಬಂದರೂ ಮಂಡೆಬೆಚ್ಚ, ಬ್ಯಾಂಕಿನಿಂದ ಫೋನ್ ಬಂದರೂ ಮಂಡೆಬೆಚ್ಚ, ಮೂರು ವಾರದಿಂದ ನಿದ್ರೆ ಇಲ್ಲದಿದ್ದರೂ ಮಂಡೆಬೆಚ್ಚ. ಗಂಡಸು ಈ ಮಾತು ಹೇಳಿದರೆ ಎದುರಿದ್ದವರು "ಅದು ಎಲ್ಲರಿಗೂ ಇದ್ದದ್ದೇ ಮಾರಾಯ" ಅನ್ನುತ್ತಾರೆ. ಅಲ್ಲಿಗೆ ಮಾತು ಮುಗೀತು.

ಮಗಳು ಹುಟ್ಟಿದ ವರ್ಷ ನಾನೂ ಹಾಗೇ ಮುಗಿಸಿದ್ದೆ.

ಹೆಂಡತಿಯ ಬಾಣಂತನ ತವರಿನಲ್ಲಿ, ಪುತ್ತೂರಿನ ಹತ್ತಿರ. ಭಾನುವಾರ ಹೋಗುವುದು, ಮಗುವನ್ನು ಎರಡು ಸಲ ಎತ್ತಿಕೊಳ್ಳುವುದು, ಊಟ ಮಾಡಿ ಸಂಜೆ ವಾಪಸ್. ಮೂರು ತಿಂಗಳು ತುಂಬಿ ತಾಯಿ-ಮಗು ಮನೆಗೆ ಬಂದರು. ತೊಟ್ಟಿಲು ಬಂತು, ರಾತ್ರಿ ಎರಡು ಗಂಟೆಯ ಅಳು ಬಂತು. ಖುಷಿ ಮಾತ್ರ ಬರಲಿಲ್ಲ. ಬರಬೇಕಿತ್ತು, ಬರಲಿಲ್ಲ.

ಬದಿಯಡ್ಕ ಪೇಟೆಯಲ್ಲಿ ಕೆಲಸ ಮುಗಿಸಿ ಬಂದು ಅಂಗಳದಲ್ಲಿ ಬೈಕ್ ನಿಲ್ಲಿಸುತ್ತಿದ್ದೆ. ಇಳಿಯುತ್ತಿರಲಿಲ್ಲ. ಹೆಲ್ಮೆಟ್ ಹಾಕಿಕೊಂಡೇ ಹತ್ತು ನಿಮಿಷ, ಇಪ್ಪತ್ತು ನಿಮಿಷ ಕೂತಿರುತ್ತಿದ್ದೆ. ಆಟಿ ತಿಂಗಳ ಮಳೆ ಹೆಲ್ಮೆಟ್ಟಿನ ಗಾಜಿನ ಮೇಲೆ ಇಳಿಯುತ್ತಿದ್ದರೆ ಒರೆಸಬೇಕು ಅಂತಲೂ ಅನಿಸುತ್ತಿರಲಿಲ್ಲ. ಒಳಗೆ ಹೋದರೆ ಬರೀ ಸಿಡುಕು. ಸಾರಿಗೆ ಉಪ್ಪು ಯಾಕೆ ಜಾಸ್ತಿ, ಚಾರ್ಜರ್ ಎಲ್ಲಿ, ಮಗು ಯಾಕೆ ಅಳ್ತಾ ಇದೆ. ಒಂದು ರಾತ್ರಿ ಬಾಗಿಲು ಬಡಿದ ರಭಸಕ್ಕೆ ಗೋಡೆಯ ಕ್ಯಾಲೆಂಡರ್ ಕೆಳಗೆ ಬಿತ್ತು. ಮಗು ಬೆಚ್ಚಿತು.

ಎಷ್ಟೋ ದಿನ ಕಳೆದ ಮೇಲೆ ಹೆಂಡತಿ ಹೇಳಿದಳು: "ನಿಮ್ಮ ಬೈಕಿನ ಶಬ್ದ ಕೇಳಿದ ಕೂಡಲೇ ಮಗುವನ್ನು ಎತ್ತಿಕೊಂಡು ಒಳಕೋಣೆಗೆ ಹೋಗ್ತಿದ್ದೆ. ನಿಮಗೆ ಗೊತ್ತೇ ಆಗ್ಲಿಲ್ಲ ಅಲ್ವಾ?"

ಗೊತ್ತಾಗಿರಲಿಲ್ಲ.

ಖಿನ್ನತೆ ಅಂದರೆ ಮೂಲೆಯಲ್ಲಿ ಕೂತು ಅಳುವುದು ಅಂದುಕೊಂಡಿದ್ದೆ. ಗಂಡಸರಲ್ಲಿ ಅದು ಎಷ್ಟೋ ಸಲ ಸಿಟ್ಟಾಗಿ ಬರುತ್ತದೆ, ಕುಡಿತವಾಗಿ ಬರುತ್ತದೆ, ಕೈಬಿಡದ ಮೊಬೈಲ್ ಆಗಿ ಬರುತ್ತದೆ. ಮನೆಯವರು "ಅವನ ಗುಣವೇ ಹಾಗೆ" ಅಂದುಕೊಂಡು ಸುಮ್ಮನಾಗುತ್ತಾರೆ. ‘ಜಾಮಾ’ ಎಂಬ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ 2010ರಲ್ಲಿ ಒಂದು ವರದಿ ಬಂದಿತ್ತು. 43 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದು. ಹೆಂಡತಿ ಬಸುರಿಯಾದಾಗಿನಿಂದ ಮಗುವಿಗೆ ವರ್ಷ ತುಂಬುವ ತನಕ ಸುಮಾರು 10% ಅಪ್ಪಂದಿರಲ್ಲಿ ಖಿನ್ನತೆ ಕಂಡಿತ್ತು. ಎಲ್ಲಕ್ಕಿಂತ ಜಾಸ್ತಿ ಕಂಡದ್ದು ಮಗುವಿಗೆ 3ರಿಂದ 6 ತಿಂಗಳಾಗಿದ್ದಾಗ. ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಮ್ಮಲ್ಲಿ ಬಾಣಂತಿ ತವರಿನಿಂದ ಬರುವುದೂ ಹೆಚ್ಚುಕಡಿಮೆ ಆಗಲೇ! ಅಲ್ಲಿ ಅಮ್ಮ, ಅಜ್ಜಿ, ಮಗುವನ್ನು ಮೀಯಿಸುವವರು, ಮದ್ದು ಅರೆಯುವವರು. ಇಲ್ಲಿ ನಾವಿಬ್ಬರೇ. ಕೇಂದ್ರ ಸರಕಾರದ ನೌಕರನಾದರೆ 15 ದಿನ ಪಿತೃತ್ವ ರಜೆಯಾದರೂ ಸಿಗುತ್ತದೆ. ಅಂಗಡಿಯಲ್ಲಿ ದುಡಿಯುವವನಿಗೆ, ತೋಟದವನಿಗೆ ಎಂಥ ರಜೆ?

ಮಗುವಿನ ತೂಕ ನೋಡಲು ಬಂದವರು ಹೆಂಡತಿಯ ಹತ್ತಿರ ಮಲಯಾಳದಲ್ಲಿ "ಸುಖಮಾಣೋ" ಎಂದು ಕೇಳಿದರು. ನಾನು ಅಲ್ಲೇ ಜಗಲಿಯಲ್ಲಿದ್ದೆ, ಅವರಿಗೆ ಕುರ್ಚಿ ತಂದುಕೊಟ್ಟವನು. ನನ್ನನ್ನು ಕೇಳಿದ್ದರೂ ಏನು ಹೇಳುತ್ತಿದ್ದೆನೋ. ನನಗೆ ಮಲಯಾಳ ಬರುತ್ತದೆ, ರೇಷನ್ ಕಾರ್ಡಿಗೆ, ವಿಲೇಜ್ ಆಫೀಸಿಗೆ ಬೇಕಾದಷ್ಟು. "ಮಗು ನಕ್ಕರೂ ನನಗೆ ಏನೂ ಅನಿಸುವುದಿಲ್ಲ" ಅನ್ನುವುದಕ್ಕೆ ಅಷ್ಟು ಸಾಲದು.

ಕೊನೆಗೆ ಭಾವ ಮಂಗಳೂರಿಗೆ ಕರೆದುಕೊಂಡು ಹೋದರು, ಮನೆಯಲ್ಲಿ ಗ್ಯಾಸ್ಟ್ರಿಕ್ ಅಂತ ಹೇಳಿ. ಅಲ್ಲಿ ಡಾಕ್ಟರು ಹತ್ತು ಪ್ರಶ್ನೆ ಕೇಳಿದರು. ಎಡಿನ್‌ಬರೋ ಪಟ್ಟಿ ಅಂತೆ, ಖಿನ್ನತೆ ಇದೆಯಾ ನೋಡಲು 1987ರಲ್ಲಿ ಬಾಣಂತಿಯರಿಗೆಂದು ಮಾಡಿದ್ದು, ಈಗ ಅಪ್ಪಂದಿರಿಗೂ ಬಳಸುತ್ತಾರೆ. ಮೊದಲ ಪ್ರಶ್ನೆ ನಗುವುದರ ಬಗ್ಗೆ, ತಮಾಷೆ ಕಂಡರೆ ನಗಲು ಆಗುತ್ತದಾ ಅಂತ. ಅಲ್ಲೇ ನನಗೆ ಅಳು ಬಂತು.

"ಹೆತ್ತವಳಿಗಿಲ್ಲದ ಕಷ್ಟ ನಿನಗೆಂಥದ್ದು?" ಎಂದು ಕೇಳಿದವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಹೊಲಿಗೆ ಬಿದ್ದ ಹೊಟ್ಟೆ ಹಿಡಿದುಕೊಂಡು ಹಾಲೂಡಿದವಳು ಅವಳು. ಆದರೆ ಇದರಲ್ಲಿ ಗೆಲ್ಲುವುದು-ಸೋಲುವುದು ಎಂಥದ್ದೂ ಇಲ್ಲ. ಅದೇ ವರದಿಯಲ್ಲಿ ಇನ್ನೊಂದು ಮಾತಿದೆ, ಅಮ್ಮನಿಗೆ ಖಿನ್ನತೆ ಇರುವ ಕಡೆ ಅಪ್ಪನಿಗೂ ಇರುವುದು ಜಾಸ್ತಿ. ನನ್ನದನ್ನು ನಾನು ಮುಚ್ಚಿಟ್ಟದ್ದರಿಂದ ಅವಳ ಭಾರ ಒಂದು ಗುಲಗಂಜಿಯಷ್ಟೂ ಇಳಿಯಲಿಲ್ಲ. ಮಗುವಿನ ಜೊತೆಗೆ ನನ್ನ ಮುಖವನ್ನೂ ಅವಳೇ ನೋಡಿಕೊಳ್ಳಬೇಕಾಯಿತು. ಹಾಗಂತ ಕಾಯಿಲೆ ಇತ್ತು ಅಂದ ಮಾತ್ರಕ್ಕೆ ಬಾಗಿಲು ಬಡಿದದ್ದಕ್ಕೆ ಮಾಫಿ ಇಲ್ಲ. ಮದ್ದು ಡಾಕ್ಟರು ಕೊಟ್ಟರು, ಕ್ಷಮೆ ನಾನೇ ಕೇಳಬೇಕಿತ್ತು. ಕೇಳಲು ಒಂದು ವರ್ಷ ಹಿಡಿಯಿತು, ಅದು ಬೇರೆ ಕಥೆ.

ಆಗ ಟೆಲಿ ಮಾನಸ್ ಇರಲಿಲ್ಲ, ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರಕಾರದ ಸಹಾಯವಾಣಿ ಅದು. 2022ರ ಅಕ್ಟೋಬರ್ 10ರಂದು ಶುರುವಾಯಿತು. ನಂಬರ್ 14416. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಇದೆ. ಗ್ಯಾಸ್ಟ್ರಿಕ್ ಅಂತ ಸುಳ್ಳು ಹೇಳಿ ಗಡಿಯ ತಲಪಾಡಿ ದಾಟಬೇಕಾಗಿಲ್ಲ.

ಮೊನ್ನೆ ಹತ್ತಿರದ ಮನೆಗೆ ಮಗು ನೋಡಲು ಹೋಗಿದ್ದೆ. ನಾಲ್ಕು ತಿಂಗಳ ಗಂಡು ಮಗು. ಎಲ್ಲರೂ ಮಗುವಿನ ಮೂಗು ಯಾರದ್ದು ಅನ್ನುವ ಚರ್ಚೆಯಲ್ಲಿದ್ದರು. ಮಗುವಿನ ಅಪ್ಪನ ಹತ್ತಿರ "ನಿಮಗೆ ನಿದ್ರೆ ಬರ್ತದಾ?" ಎಂದು ಕೇಳಿದೆ. "ಎಂಥ ನಿದ್ರೆ ಮಾರಾಯ್ರೇ" ಎಂದು ನಕ್ಕು ಚಹಾ ತರಲು ಒಳಗೆ ಹೋದ. ಹೊರಡುವಾಗ ಗೇಟಿನವರೆಗೆ ಬಂದ. ಮಳೆ ಬಿಡದ್ದರಿಂದ ಅಡಿಕೆಗೆ ಎರಡನೇ ಸಲ ಮದ್ದು ಬಿಡಲಾಗಲಿಲ್ಲ ಅಂತ ಹೇಳಿದ. ಆಮೇಲೆ ಅದನ್ನೇ ಇನ್ನೊಂದು ಸಲ ಹೇಳಿದ. ನಾನು ಹೆಲ್ಮೆಟ್ ತೆಗೆದು ಬೈಕಿನ ಕನ್ನಡಿಗೆ ಸಿಕ್ಕಿಸಿದೆ.